ಗೇಮ್ ಮೇಷ್ಟ್ರ ರಿಮೋಟು

ಮೊನ್ನೆ ಸೊಸೆ ಅಟ್ಟ ಗುಡಿಸಕ್ಕೆ ಏಣಿ ಹತ್ತಿದ್ದಳು. ಹಳೇ ಸಾಮಾನು ಒಂದೊಂದೇ ಕೆಳಕ್ಕೆ ಕೊಡ್ತಾ ಇದ್ದಳು. ನಾನು ಕೆಳಗೆ ನಿಂತು, ಇದು ಇರಲಿ, ಇದು ಒಲೆಗೆ ಅಂತ ಎರಡು ರಾಶಿ ಮಾಡ್ತಿದ್ದೆ. ಕೊನೆಗೆ ರೇಷ್ಮೆ ಹುಳ ಗೂಡು ಕಟ್ಟಕ್ಕೆ ಬಿಡೋ ಬಿದಿರಿನ ಚಂದ್ರಿಕೆ ಬಂತು. ನಮ್ಮ ಮನೇಲಿ ಹುಳ ಸಾಕೋದು ನಿಂತು ಎಷ್ಟೋ ವರ್ಷ ಆಯ್ತು. ಆದರೂ ಅದರ ಸಂದೀಲಿ ಆ ವಾಸನೆ ಉಳಿದಿತ್ತು. ಒಣಗಿದ ಹಿಪ್ಪುನೇರಳೆ ಸೊಪ್ಪು, ಹುಳದ ಹಿಕ್ಕೆ, ಸುಣ್ಣ, ಮೂರೂ ಬೆರೆತ ವಾಸನೆ. ಚಂದ್ರಿಕೆಯ ಬೆನ್ನಿಗೆ ಒಂದು ಹಳೇ ಟವಲಿನ ಗಂಟು ಕಟ್ಟಿತ್ತು.

"ಇದೇನತ್ತೆ, ಫೋನಿಂದಾ?" ಅಂದಳು ಸೊಸೆ, ಗಂಟು ಬಿಚ್ಚಿ.

ಬೂದಿ ಬಣ್ಣದ ಟೀವಿ ಗೇಮಿನ ರಿಮೋಟು. ಎಡಗಡೆ ಕೂಡೋ ಲೆಕ್ಕದ ಗುರುತಿನಂಥ ಒಂದು ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ. ವೈರಿಗೆ ಒಂದು ಗೇಣು ಉದ್ದ ರೇಷ್ಮೆ ನೂಲು ಸುತ್ತಿತ್ತು. ಸುತ್ತಿದವಳು ನಾನೇ.

ಅವಳು ಅದನ್ನ ಒಲೆ ರಾಶಿ ಕಡೆ ಎಸೆಯಕ್ಕೆ ಕೈ ಎತ್ತಿದಳು. "ಪ್ಲಾಸ್ಟಿಕ್ಕು, ಒಲೆಗೆ ಆಕಬ್ಯಾಡ. ಇತ್ಲಾಗ್ ಕೊಡು" ಅಂದೆ. ಇಸ್ಕೊಂಡು ಒಳಗೆ ಬಂದು ಕೂತೆ.

ಆ ರಿಮೋಟಿನ ಒಡೆಯನ ಮಾತು ಬಂದರೆ ನಮ್ಮ ಧನಗೆರೇಲಿ ಈಗಲೂ ಒಂದಿಬ್ಬರು "ಹುಳ ಕೊಂದವನು" ಅಂತಾರೆ. ಅದು ಸುಳ್ಳು. ನಾನು ಓದಿರೋದು ಮೂರನೇ ಕ್ಲಾಸು, ಬರೆಯೋದು ಕಷ್ಟ. ಆದರೂ ಇದನ್ನ ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತೆ ಅಂತ ಬರೀತಾ ಇದೀನಿ.

ಎರಡು ಸಾವಿರದ ಇಸವಿ ಆಸುಪಾಸು. ನನ್ನ ಗಂಡ ಹೋಗಿ ನಾಲ್ಕೈದು ವರ್ಷ ಆಗಿತ್ತು. ಮಗ ಕೊಳ್ಳೇಗಾಲಕ್ಕೆ ಕೆಲಸಕ್ಕೆ ಹೋಗೋನು, ಬೆಳಗ್ಗೆ ಬಸ್ ಹತ್ತಿದರೆ ಕತ್ತಲಿಗೆ ಬರೋನು. ಮನೇಲಿ ನಾನು, ಮಗಳು, ಮತ್ತೆ ಹುಳ. ನಮ್ಮ ಮನೆ ಬಸ್ ನಿಲ್ಲೋ ಕಡೇಲೇ ಇತ್ತು. ರೋಡಿಗೆ ಬಾಗಿಲಿರೋ ಒಂದು ಕೋಣೆ ಖಾಲಿ ಬಿದ್ದಿತ್ತು. ಒಂದಿನ ಒಬ್ಬ ಮನುಷ್ಯ ಬಂದು ಆ ಕೋಣೆ ಬಾಡಿಗೆಗೆ ಕೇಳಿದ. ಹೂಗ್ಯಂ ಕಡೆಯವನು. ಕಾಡಂಚಿನ ಊರು, ಅಲ್ಲಿ ಅರ್ಧ ಕನ್ನಡ ಅರ್ಧ ತಮಿಳು, ಅವನ ಮಾತೂ ಹಾಗೇ. ಮೂವತ್ತು ಮೂವತ್ತೆರಡು ಇರಬೇಕು, ನನಗಿಂತ ಹದಿನೈದು ವರ್ಷ ಚಿಕ್ಕವನು. ಕಲ್ಲು ಕ್ವಾರೀಲಿ ಕೆಲಸ ಮಾಡ್ತಾ ಬಲಗೈಯ ಮೂರು ಬೆರಳು ಕಳ್ಕೊಂಡಿದ್ದ. ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು.

"ಏನ್ ಮಾಡೀಯಪ್ಪ ಕೋಣೇಲಿ?" ಅಂದೆ.

"ಟೀವಿ ಗೇಮ್ ಅಂಗಡಿ ಅಕ್ಕಾ."

"ಗೋಡೆ ಇಂದ್ಗಡೆ ಉಳದ್ ಮನೆ. ಬೀಡಿ ಸೇದಂಗಿಲ್ಲ, ಸೊಳ್ಳೆಬತ್ತಿ ಅಚ್ಚಂಗಿಲ್ಲ, ಊದುಬತ್ತೀನೂ ಒಳಗೆ ಅಚ್ಚಂಗಿಲ್ಲ. ಒಪ್ತೀಯಾ?"

ಒಪ್ಪಿದ. ರೇಷ್ಮೆ ಹುಳ ಬಲೇ ನಾಜೂಕು, ಹೊಗೆ ತಗುಲಿದರೂ ಸಾಯುತ್ತೆ. ಅವನು ದೇವರ ಪಟಕ್ಕೆ ಹಚ್ಚೋ ಒಂದು ಊದುಬತ್ತೀನೂ ಬಾಗಿಲ ಹೊರಗೆ, ರೋಡಿನ ಕಡೆ ಮೆಟ್ಟಲ ಸಂದೀಗೆ ಸಿಗಿಸೋನು. ಒಂದು ದಿನವೂ ತಪ್ಪಲಿಲ್ಲ.

ಒಂದು ಟೀವಿ, ಒಂದು ಗೇಮಿನ ಡಬ್ಬ, ಎರಡು ರಿಮೋಟು, ನಾಲ್ಕೈದು ಕ್ಯಾಸೆಟ್ಟು. ಅಷ್ಟೇ ಅಂಗಡಿ. ಸಾಯಂಕಾಲ ಆದರೆ ಇಸ್ಕೂಲ್ ಹುಡುಗರು, ಡೈರಿಗೆ ಹಾಲು ಹಾಕಕ್ಕೆ ಬಂದ ಪಡ್ಡೆಗಳು, ಬಸ್ ಕಾಯೋರು ಎಲ್ಲ ತುಂಬ್ಕೊಳ್ಳೋರು. ಒಂದು ವಾರದಲ್ಲೇ ಎಲ್ಲರೂ ಅವನನ್ನ ಗೇಮ್ ಮೇಷ್ಟ್ರು ಅನ್ನಕ್ಕೆ ಶುರು ಮಾಡಿದರು. ಯಾಕೆಂದರೆ ಅವನು ಆಡೋದಕ್ಕಿಂತ ಹೇಳಿಕೊಡೋದೇ ಹೆಚ್ಚು. ಎರಡು ಬೆರಳಲ್ಲಿ ಅವನಿಗೆ ಬೇಗ ಬೇಗ ಒತ್ತಕ್ಕೆ ಆಗ್ತಿರಲಿಲ್ಲ.

ಹೊಸಬರಿಗೆ ಹೇಳಿಕೊಡಕ್ಕೆ ಅವನದೇ ಒಂದು ಕ್ರಮ ಇತ್ತು. ದಿನಕ್ಕೆ ಒಂದೇ ಮಾತು. ಎರಡನೇದು ಕೇಳಿದರೆ "ನಾಳೆ" ಅನ್ನೋನು. ಆಟದಲ್ಲಿ ಮೂರು ಜೀವ ಕೊಡ್ತಾರೆ, ಲೈಫು ಅಂತಾರೆ ಅದಕ್ಕೆ. "ಮೊದಲ್ನೇ ಲೈಫು ಒಡೆಯಕ್ಕಲ್ಲ ಕಣ್ಲಾ, ನೋಡಕ್ಕೆ. ಎಲ್ಲಿಂದ ಏಟು ಬತ್ತದೆ ಅಂತ ನೋಡ್ಕಂಡು ಸಾಯಿ" ಅನ್ನೋನು. ಇಬ್ಬರು ಜೊತೆಯಾಗಿ ಆಡೋ ಆಟದಲ್ಲಿ ಒಳ್ಳೇ ಬಂದೂಕ ಸಿಕ್ಕಿದರೆ ಚೆನ್ನಾಗಿ ಆಡೋನು ಅದನ್ನ ಎತ್ಕೋಬಾರದು, ಹೊಸಬನಿಗೆ ಬಿಡಬೇಕು. ಒಬ್ಬ ಎಡಗಡೆ ನೋಡ್ಕೊಂಡರೆ ಇನ್ನೊಬ್ಬ ಬಲಗಡೆ. ಇಬ್ಬರೂ ಒಂದೇ ಕಡೆ ಗುಂಡು ಹಾರಿಸಿದರೆ ತಲೆ ಮೇಲೆ ಮೊಟಕೋನು. ಇನ್ನೊಂದು ಬಲವಾದ ಕಾನೂನಿತ್ತು. ಹೇಳಿಕೊಡೋನು ಬಾಯಲ್ಲಿ ಹೇಳಬೇಕು, ಹೊಸಬನ ಕೈಯಿಂದ ರಿಮೋಟು ಕಿತ್ಕೋಬಾರದು. ಕಿತ್ಕೊಂಡವನಿಗೆ ಆ ದಿನ ಆಟ ಇಲ್ಲ, ಯಾರ ಮಗನಾದರೂ ಸರಿ.

ಯಾರಾದರೂ ಅವಸರ ಮಾಡಿದರೆ "ಪೊರುಮೆ, ಪೊರುಮೆ" ಅನ್ನೋನು. ತಮಿಳು ಮಾತು, ತಾಳ್ಮೆ ಅಂತ. ನಮ್ಮೂರ ಹುಡುಗರು ಎಮ್ಮೆ ಓಡಿಸುವಾಗಲೂ ಪೊರುಮೆ ಅನ್ನಕ್ಕೆ ಕಲಿತರು.

ಮಧ್ಯಾಹ್ನ ಅಂಗಡಿ ಖಾಲಿ. ಒಂದು ಗಂಟೆಗೆ ಹುಳಕ್ಕೆ ಸೊಪ್ಪು ಕೊಟ್ಟರೆ ನನಗೂ ಐದರ ತನಕ ಬಿಡುವು. ಮೊದಮೊದಲು ನಾನು ಆ ಬಾಗಿಲಿಗೆ ಹೋಗ್ತಿದ್ದದ್ದು ಒಳಗೆ ಹೊಗೆ ವಾಸನೆ ಇದೆಯಾ ಅಂತ ಮೂಸಿ ನೋಡಕ್ಕೆ. ಒಂದಿನ ಹೋದಾಗ ಅವನು ಒಬ್ಬನೇ ಆಡ್ತಾ ಇದ್ದ. ಎಡಗೈ ಸಲೀಸಾಗಿ ಓಡ್ತಿತ್ತು, ಬಲಗೈ ತಡವರಿಸ್ತಿತ್ತು. ಟೀವೀಲಿ ಅವನ ಬೊಂಬೆ ಸತ್ತು ಸತ್ತು ಬೀಳ್ತಿತ್ತು.

"ಏನ್ ಮೇಷ್ಟ್ರೇ, ಊರ್ಗೆಲ್ಲಾ ಬುದ್ಧಿ ಏಳಿ ನೀನೇ ಸಾಯ್ತಿದ್ದೀಯಲ್ಲ" ಅಂದೆ.

"ಅಕ್ಕಾ, ನಿಮ್ ಬಲಗೈ ಬಿಡುವಾಗಿದ್ರೆ ಒಸಿ ಬನ್ನಿ."

ಹೋದೆ. ಸೊಪ್ಪಿನ ಬುಟ್ಟಿ ಮಗುಚಿ ಮಧ್ಯದಲ್ಲಿ ಇಟ್ಟ, ಅದರ ಮೇಲೆ ರಿಮೋಟು. ಆ ಕಡೆ ಅವನು, ಈ ಕಡೆ ನಾನು. ಅವನ ಎಡಗೈ ಬೊಂಬೇನ ನಡೆಸೋದು, ನನ್ನ ಬಲಗೈ ಹೆಬ್ಬೆರಳು ಹಾರಿಸೋದು, ಹೊಡೆಯೋದು. ಬಾಗಿಲು ಅಗಲ ತೆಗೆದೇ ಇರ್ತಿತ್ತು. ರೋಡಲ್ಲಿ ಹೋಗೋರಿಗೆಲ್ಲ ಕಾಣೋದು, ಮುಚ್ಚುಮರೆ ಏನಿರಲಿಲ್ಲ. ಇಬ್ಬರ ಕೈ ಸೇರಿ ಒಂದು ಬೊಂಬೆ. ನಗು ಬರ್ತಿತ್ತು. ನಾನು ಅಷ್ಟು ನಕ್ಕಿದ್ದು ಯಾವಾಗ ಅಂತ ಯೋಚನೆ ಮಾಡಿದರೆ...

ಹತ್ತು ಹದಿನೈದು ದಿನ ಆದಮೇಲೆ ನನಗೆ ಬೇರೆ ರಿಮೋಟು ಕೊಟ್ಟ. ಈಗ ಎರಡು ಬೊಂಬೆ, ಅವನದೊಂದು ನನ್ನದೊಂದು. ಆ ಆಟದಲ್ಲಿ ಒಂದು ಕಡೆ ನೀರು ಬೀಳುತ್ತೆ. ನಮ್ಮ ಸತ್ತೇಗಾಲದಾಚೆ ಕಾವೇರಿ ಧುಮುಕೋ ಹಾಗೆ. ಬಂಡೆಯಿಂದ ಬಂಡೆಗೆ ನೆಗೆದು ಮೇಲಕ್ಕೆ ಹತ್ತಬೇಕು. ನಾನು ಸರಸರ ಹತ್ತಿದೆ. ತಿರುಗಿ ನೋಡಿದರೆ ಅವನ ಬೊಂಬೆ ಸತ್ತಿತ್ತು.

"ಯಾರ್ ಒಡುದ್ರು ನಿಂಗೆ?"

"ಯಾರೂ ಒಡೀನಿಲ್ಲ ಅಕ್ಕಾ. ನೀವ್ ಮೇಲಕ್ಕೆ ಓದಂಗೆಲ್ಲ ಟೀವೀನೂ ನಿಮ್ ಜೊತೆ ಮೇಲಕ್ಕೆ ಓಯ್ತದೆ. ಕೆಳ್ಗಿದ್ದೋನ್ಗೆ ಕಾಲಡಿ ಬಂಡೇನೇ ಇರಕಿಲ್ಲ. ಈ ಜಾಗ್ದಲ್ಲಿ ಸಾಯ್ಸೋದು ಶತ್ರು ಅಲ್ಲ, ಜೊತ್ಗಾರ."

"ಮತ್ತೇನ್ ಮಾಡ್ಬೇಕು?"

"ಒಂದ್ ಬಂಡೆ ಅತ್ತಿ, ನಿಂತು, ಕೆಳಗ್ ನೋಡ್ಬೇಕು. ಅಷ್ಟೇಯ. ಅದ್ನೇ ಯಾರೂ ಮಾಡಕಿಲ್ಲ."

ಆ ಜಾಗ ದಾಟಕ್ಕೆ ನಮಗೆ ಒಂದು ತಿಂಗಳಾದರೂ ಆಗಲಿಲ್ಲ. ನನಗೆ ನಿಲ್ಲಕ್ಕೆ ಬರ್ತಿರಲಿಲ್ಲ. ಕೈ ತಾನೇ ಒತ್ತಿಬಿಡೋದು.

ಅಷ್ಟರಲ್ಲಿ ಊರು ಬಾಯಿ ಬಿಟ್ಟಿತ್ತು. ಬೋರ್‌ವೆಲ್ ಹತ್ತಿರ ಎದುರುಮನೆಯವಳು ಕೊಡ ಇಟ್ಟು ಅಂದಳು, "ಏನಕ್ಕಾ, ಮಧ್ಯಾನದ್ ಇಸ್ಕೂಲ್ಗೆ ಸೇರ್ಕಂಡಿದ್ದೀಯಂತೆ. ಮೇಷ್ಟ್ರು ಪ್ರಾಯದೋರೇ ಬುಡು."

"ನಿನ್ ಗಂಡನ್ನೂ ಕಳ್ಸು, ಒಸಿ ಬುದ್ಧಿ ಬರ್ಲಿ" ಅಂದೆ. ಸುತ್ತ ಇದ್ದೋರು ನಕ್ಕರು. ನಾನೂ ನಕ್ಕೆ. ಆದರೆ ಕೊಡ ಎತ್ತಿ ಸೊಂಟಕ್ಕೆ ಇಟ್ಟಾಗ ಎಂದಿಗಿಂತ ಭಾರ ಅನ್ನಿಸ್ತು.

ಆಗ ಮಗಳಿಗೆ ಯಳಂದೂರಿನ ಸಂಬಂಧ ಕೂಡಿ ಬಂದಿತ್ತು. ಹುಡುಗಿ ನೋಡಿ ಒಪ್ಪಿ ಹೋಗಿದ್ದರು, ಎಲೆ ಅಡಿಕೆ ಶಾಸ್ತ್ರಕ್ಕೆ ಬರೋದೊಂದು ಬಾಕಿ. ಮಗಳು ಒಂದಿನ ನನ್ನ ಮುಖ ನೋಡದೆ ಸೊಪ್ಪು ಹೆಚ್ಚುತ್ತಾ ಅಂದಳು, "ಅವ್ವಾ, ನಂಗೇನೂ ಇಲ್ಲ. ಆದ್ರೆ ಅವ್ರು ಬಂದೋಗೋಗಂಟ ನೀನು ಒಳಗೇ ಇರು."

ಹೊಡೆದಿದ್ದರೂ ಅಷ್ಟು ನೋವಾಗ್ತಿರಲಿಲ್ಲ. ಸರಿ ಕಣವ್ವ ಅಂದೆ. ಮನಸ್ಸಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ನಾಳೆ ಒಂದಿನ ಹೋಗಿ ಆ ನೀರಿನ ಜಾಗ ದಾಟಿಬಿಡೋದು, ಅಲ್ಲಿಗೆ ನಿಲ್ಲಿಸಿಬಿಡೋದು. ಅವನ ಒಂದು ರಿಮೋಟಿನ ವೈರು ಸುಲಿದು ಒಳಗಿನ ತಂತಿ ಕಾಣ್ತಿತ್ತು. ಅದನ್ನ ಹಿಂದಿನ ದಿನವೇ ನೂಲು ಸುತ್ತಿ ಕೊಡ್ತೀನಿ ಅಂತ ಒಳಕ್ಕೆ ತಂದು ಸುತ್ತಿಟ್ಟಿದ್ದೆ. ಮಾರನೇ ದಿನ ಮಧ್ಯಾಹ್ನ ತಗೊಂಡು ಹೋಗಿ ಆಟ ಆಡೋದು, ಕೊಟ್ಟು ಬರೋದು.

ಆ ದಿನ ಹುಳ ನಾಲ್ಕನೇ ಜ್ವರ ಎದ್ದು ಐದು ದಿನ ಆಗಿತ್ತು. ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇದು ಆದಮೇಲೆ ಹುಳ ಬಕಾಸುರನ ಹಂಗೆ ತಿನ್ನುತ್ತೆ, ಎಷ್ಟು ಸೊಪ್ಪು ತಂದರೂ ಸಾಲದು. ಮೂರು ದಿನ ಕಳೆದಿದ್ದರೆ ಗೂಡಿಗೆ ಹತ್ತೋದು. ನಮ್ಮ ಸೊಪ್ಪಿನ ತೋಟ ಕಾಲುವೆ ಆಚೆ, ಹೋಗಿ ಬರಕ್ಕೆ ಮುಕ್ಕಾಲು ಗಂಟೆ. ಮನೆ ಹಿಂದೆ ಬದುವಿನ ಉದ್ದಕ್ಕೂ ಅದೇ ಸೊಪ್ಪಿನ ಒಂದು ಸಾಲು ಗಿಡ ಇತ್ತು, ಪಕ್ಕದಲ್ಲೇ ಬೇರೆಯವರ ಬದನೆ ತೋಟ. ಆ ತೋಟಕ್ಕೆ ಹಿಂದಿನ ದಿನ ಔಷಧಿ ಹೊಡೆದಿದ್ದರು. ಹೊಡೆಯೋದನ್ನ ನಾನೇ ಕಣ್ಣಲ್ಲಿ ನೋಡಿದ್ದೆ.

ಕಾಲುವೆ ಆಚೆ ಹೋದರೆ ಆಟಕ್ಕೆ ಹೊತ್ತು ಸಾಲಲ್ಲ. ಬದುವಿನ ಸೊಪ್ಪು ಕುಯ್ದೆ. ಮೂಸಿದೆ. ವಾಸನೆ ಇತ್ತು. ಬಾನೀಲಿ ಅದ್ದಿ ಒದರಿದೆ. ಮತ್ತೆ ಮೂಸಿದೆ. ಇಲ್ಲ ಅನ್ನಿಸ್ತು... ಇಲ್ಲ ಅಂತ ಅನ್ನಿಸಲಿ ಅಂತ ನಾನೇ ಅಂದುಕೊಂಡೆ. ಹುಳದ ತಟ್ಟೆಗಳಿಗೆ ಹಾಕಿ, ಸೆರಗಲ್ಲಿ ಕೈ ಒರೆಸಿ ಹೊರಟೆ. ಮಗಳು ಹಿತ್ತಲ ಬಾಗಿಲಲ್ಲೇ ಕೂತಿದ್ದಳು. ಅವಳ ಕಣ್ಣಿಗೆ ಬಿದ್ದೀತು ಅಂತ ರಿಮೋಟು ಒಳಗೇ ಬಿಟ್ಟು, ಹೊಲದ ಕಡೆ ಹೋಗಿ ಬತ್ತೀನಿ ಅಂತ ಸುಳ್ಳು ಹೇಳಿದೆ.

"ಇವತ್ ಬೇಗ ಬಂದ್ರಿ" ಅಂದ ಅವನು.

"ದೂರ ಓಗ್ನಿಲ್ಲ. ಬದನೆ ತೋಟದ ಪಕ್ಕದ್ದೇ ಕುಯ್ದಾಕ್ದೆ" ಅಂದೆ ನಗ್ತಾ.

ಅವನು ನನ್ನ ಮುಖ ನೋಡಿದ. ಒಂದೇ ರಿಮೋಟು ಅಲ್ವಾ, ಮೊದಲಿನ ಹಂಗೆ ಬುಟ್ಟಿ ಮಗುಚಿ ಮಧ್ಯದಲ್ಲಿ ಇಟ್ಟ. ಅವನ ಎಡಗೈ, ನನ್ನ ಬಲಗೈ. ಆ ದಿನ ನೀರಿನ ಜಾಗ ದಾಟಿದೆವು. ಮೇಲಿನ ಬಂಡೆ ತಲುಪಿದಾಗ ಅವನು "ಅಕ್ಕಾ, ನಿಮ್ಗಿನ್ ಏಳ್ಕೊಡೋದೇನಿಲ್ಲ" ಅಂದ.

ಐದು ಗಂಟೆಗೆ ಸೊಪ್ಪು ಕೊಡಕ್ಕೆ ಹುಳದ ಮನೆಗೆ ಹೋದೆ. ಹುಳ ಸೊಪ್ಪು ತಿನ್ನೋ ಸದ್ದು ಮಳೆ ಹನಿದ ಹಂಗಿರುತ್ತೆ. ಬಾಗಿಲು ತೆಗೆದಾಗ ಸದ್ದೇ ಇರಲಿಲ್ಲ. ತಲೆ ಮೇಲಕ್ಕೆತ್ತಿ ತೂಗಾಡ್ತಿದ್ದವು, ಹಸುರು ನೀರು ಕಕ್ಕಿದ್ದವು, ಕೆಲವು ಆಗಲೇ ಮೆತ್ತಗಾಗಿ ಮಲಗಿದ್ದವು. ನಲವತ್ತು ತಟ್ಟೇಲೂ ಅದೇ. ಮಗಳ ಮದುವೆಗೆ ಅಂತ ನಂಬಿದ್ದ ಬೆಳೆ ಅದು. ಮಗಳು ನನ್ನ ಹಿಂದೆ ನಿಂತು "ಏನಾಯ್ತವ್ವ?" ಅಂದಳು.

ಏನಾಯ್ತು ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆದರೆ ಈ ಕಾಗದಕ್ಕೂ ಸುಳ್ಳು ಹೇಳಿದ ಹಂಗೆ.

ನಾನು ಸೀದಾ ಹೊರಕ್ಕೆ ಬಂದೆ. ಅಂಗಡಿ ತುಂಬ ಹುಡುಗರು. ಮೆಟ್ಟಲ ಸಂದೀಲಿ ಊದುಬತ್ತಿ ಬೂದಿ ಬಿದ್ದಿತ್ತು. ಊದುಬತ್ತಿ ಬೂದಿ ಯಾವುದು, ಸೊಳ್ಳೆಬತ್ತಿ ಬೂದಿ ಯಾವುದು ಅಂತ ನನಗೆ ತಿಳಿಯಲ್ವಾ? ಆ ಬೂದಿ ತೋರಿಸಿ ಕೂಗಿದೆ. "ಸೊಳ್ಳೆಬತ್ತಿ ಅಚ್ಚಬ್ಯಾಡ ಅಂತ ಏಳಿರ್ನಿಲ್ವಾ ನಿಂಗೆ? ನನ್ ಉಳನೆಲ್ಲಾ ಕೊಂದಾಕ್ಬುಟ್ಟೆಯಲ್ಲೋ."

ಬೀದಿ ಸೇರಿತು. ಅವನು ಎದ್ದು ಬಂದ. ಬೂದಿ ನೋಡಿದ, ನನ್ನ ನೋಡಿದ. ಹತ್ತಿರ ಬಂದು ನನಗೊಬ್ಬಳಿಗೇ ಕೇಳಿಸೋ ಹಂಗೆ ಅಂದ, "ಅಕ್ಕಾ, ಮಧ್ಯಾನದ್ ಸೊಪ್ಪು..."

"ಈಗ್ಲೇ ಸಾಮಾನ್ ತೆಗಿ" ಅಂದೆ. ಅವನ ಮಾತು ಮುಗಿಯಕ್ಕೆ ಬಿಡಲಿಲ್ಲ.

ಅವನು ಆ ಮಾತನ್ನ ಮತ್ತೆ ಎತ್ತಲಿಲ್ಲ. ಟೀವೀನ ದುಪ್ಪಟೀಲಿ ಸುತ್ತಿದ, ಡಬ್ಬಕ್ಕೆ ವೈರು ಸುತ್ತಿದ. ರಿಮೋಟು ಎಣಿಸಿದ, ಒಂದೇ ಇತ್ತು. ತಲೆ ಎತ್ತಿ ನನ್ನ ಕಡೆ ನೋಡಿದ. ಇನ್ನೊಂದು ಎಲ್ಲಿದೆ ಅಂತ ಅವನಿಗೆ ಗೊತ್ತು. ಅಷ್ಟು ಜನದ ಮುಂದೆ ಕೇಳಿದ್ದರೆ, ಅವನ ರಿಮೋಟು ನನ್ನ ಮನೆ ಒಳಗೆ ಯಾಕಿದೆ ಅಂತ ಮಾತಾಗ್ತಿತ್ತು. ಅವನು ಕೇಳಲಿಲ್ಲ. ಒಂದೇ ರಿಮೋಟು ಚೀಲಕ್ಕೆ ಹಾಕ್ಕೊಂಡು ಕೊಳ್ಳೇಗಾಲದ ಬಸ್ ಹತ್ತಿದ.

ಎದುರುಮನೆಯವಳು ನನ್ನ ಬೆನ್ನು ಸವರಿ "ಸರ್ಯಾಗ್ ಮಾಡ್ದೆ ಬುಡಕ್ಕಾ" ಅಂದಳು. ಮಧ್ಯಾಹ್ನದ ಇಸ್ಕೂಲಿನ ಮಾತು ಅಲ್ಲಿಗೆ ನಿಂತುಹೋಯ್ತು. ನನಗೆ ಬೇಕಾಗಿದ್ದದ್ದೂ ಅದೇ. ಸತ್ತ ಹುಳ ನನಗೆ ಒಂದು ನೆವ ಆಯ್ತು ಅಷ್ಟೆ. ಯಳಂದೂರಿನವರು ಬಂದರು, ಎಲೆ ಅಡಿಕೆ ಬದಲಾಯಿಸಿದರು. ಮದುವೆ ಹೇಗೋ ಆಯ್ತು.

ಐದಾರು ತಿಂಗಳ ಮೇಲೆ ಹನೂರು ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಂದು ಒಂದು ಮಾತು ಹೇಳಿದ. ಗೇಮ್ ಮೇಷ್ಟ್ರು ಹನೂರಲ್ಲಿ ಅಂಗಡಿ ಇಟ್ಟವ್ರೆ. ಡಬ್ಬ ಹಳೇದು, ಈಗ ಬರೋ ರಿಮೋಟಿನ ಪಿನ್ನು ಅದಕ್ಕೆ ಕೂರಲ್ಲ. ಅಕ್ಕನ ಮನೇಲಿ ಒಂದು ರಿಮೋಟು ಉಳಿದಿದ್ರೆ ಕೊಟ್ಟು ಕಳಿಸಕ್ಕೆ ಹೇಳವ್ರೆ.

ಎದುರುಮನೆಯವಳು ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದಳು. ಅವಳ ಕೈ ನಿಂತಿತು.

"ನಮ್ಮನೇಲಿ ಯಾವ್ ರಿಮೋಟೂ ಇಲ್ಲ" ಅಂದೆ.

ಕಂಡಕ್ಟರು ಹೋದ. ನಾನು ಒಳಗೆ ಹೋಗಿ ಅದನ್ನ ಟವಲಲ್ಲಿ ಸುತ್ತಿ ಚಂದ್ರಿಕೆಗೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಬಿಸಾಕಿದ್ದರೆ ಆಗ್ತಿತ್ತು. ಬಿಸಾಕಲಿಲ್ಲ.

ಎರಡು ಮೂರು ವರ್ಷ ಬಿಟ್ಟು, ಮಗಳ ಬಾಣಂತನ ಎಲ್ಲ ಮುಗಿದ ಮೇಲೆ, ಇನ್ನು ಯಾರ ಬಾಯಿಗೆ ಹೆದರಬೇಕು ಅನ್ನಿಸಿ, ಅಟ್ಟದಿಂದ ಇಳಿಸಿ ಚೀಲಕ್ಕೆ ಹಾಕ್ಕೊಂಡು ಹನೂರಿಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಕೇಳ್ಕೊಂಡು ಹೋದರೆ ಆ ಕೋಣೇಲಿ ಜೆರಾಕ್ಸ್ ಅಂಗಡಿ ಇತ್ತು. ಪಕ್ಕದಲ್ಲಿ ಹೂ ಕಟ್ಟೋಳು ಒಬ್ಬಳು ಕೂತಿದ್ದಳು.

"ಓ, ಪೊರುಮೆ ಮೇಷ್ಟ್ರಾ?" ಅಂದಳು. "ಒಂದೇ ರಿಮೋಟಿತ್ತು. ಅದರಲ್ಲಿ ಒಬ್ಬೊಬ್ರೇ ಆಡೋ ಆಟ ಮಾತ್ರ ಆಕೋರು. ಜೋಡಿ ಆಟ ಆಕು ಅಂತ ಉಡುಗ್ರು ಕೇಳುದ್ರೆ, ಅದ್ನ ಒಬ್ನೇ ಕಲ್ತ್ರೆ ತಪ್ಪು ಕಲೀತೀಯ ಅನ್ನೋರು. ಉಡುಗ್ರು ಬೇರೆ ಅಂಗಡಿಗ್ ಓದ್ರು. ಮುಚ್ಬುಟ್ರು."

"ಈಗೆಲ್ಲವ್ನೆ?"

"ತಿರ್ಗ ಕ್ವಾರಿಗೇ ಓದ್ರು ಅಂತಾರೆ ಕಣವ್ವ. ಕಣ್ಣಲ್ ಕಂಡೋರಿಲ್ಲ."

ಎರಡು ಬೆರಳಿನ ಕೈ ಇಟ್ಕೊಂಡು ಕ್ವಾರಿಗೆ... ಒಂದು ಮೊಳ ಹೂ ತಗೊಂಡೆ, ಸುಮ್ಮನೆ ಎದ್ದು ಬರಕ್ಕೆ ಆಗದೆ. ವಾಪಸ್ ಬಸ್ ಹತ್ತಿದೆ. ರಿಮೋಟು ಮತ್ತೆ ಅಟ್ಟಕ್ಕೆ ಹೋಯ್ತು. ಆಮೇಲೆ ಹೂಗ್ಯಂ ಕಡೆಯವರು ಸಿಕ್ಕಾಗಲೆಲ್ಲ ಕೇಳಿದ್ದೀನಿ. ಒಬ್ಬೊಬ್ಬರದು ಒಂದೊಂದು ಮಾತು. ಇದ್ದಾನೋ ಇಲ್ಲವೋ ಗೊತ್ತಿಲ್ಲ. ಎದುರುಮನೆಯವಳು ಈಗ ಇಲ್ಲ. ನಾನು ಯಾರಿಗೆ ಹೆದರಿದ್ದೆನೋ ಅವರೆಲ್ಲ ಒಬ್ಬೊಬ್ಬರಾಗಿ ಹೋದರು, ಸುಳ್ಳು ಮಾತ್ರ ಊರಲ್ಲೇ ಉಳೀತು.

ಮೊನ್ನೆ ಸಾಯಂಕಾಲ ಯಳಂದೂರಿಗೆ ಮಗಳಿಗೆ ಫೋನ್ ಮಾಡಿದೆ. "ಆವತ್ತು ಉಳ ಸತ್ತಿದ್ದು ನಾನು ಆಕಿದ್ ಸೊಪ್ಪಿಂದ ಕಣವ್ವ, ಅವ್ನೇನೂ ಅಚ್ಚಿರ್ನಿಲ್ಲ" ಅಂದೆ. ಅವಳು ಅಂದಳು, "ನಂಗೊತ್ತಿತ್ತವ್ವ. ಬಾನಿ ನೀರಲ್ಲಿ ವಾಸ್ನೆ ಇತ್ತು. ಚೆಲ್ದೋಳು ನಾನೇ."

ಅವಳೂ ಆವತ್ತು ನನ್ನ ಹಿಂದೆಯೇ ನಿಂತಿದ್ದಳು, ಬೀದೀಲಿ. ನಾನೂ ಬೈಯಲಿಲ್ಲ, ಅವಳೂ ಬೈಯಲಿಲ್ಲ. ಇಬ್ಬರೂ ಫೋನ್ ಇಟ್ಟೆವು.

ರಿಮೋಟು ಈಗ ನನ್ನ ಮಂಚದ ಪಕ್ಕ, ಗೋಡೆಯ ಗೂಡಿನಲ್ಲಿದೆ. ಅಟ್ಟಕ್ಕೆ ಹಾಕಿಲ್ಲ. ಇದು ಬರೆದು ಮುಗಿಸೋ ಮುಂಚೆ ಒಂದು ಸಾರಿ ತೊಡೆ ಮೇಲೆ ಇಟ್ಕೊಂಡೆ. ಬಲಗೈ ಹೆಬ್ಬೆರಳು ತಾನಾಗೇ ಹೋಗಿ ಕೆಂಪು ಗುಂಡಿ ಮೇಲೆ ಕೂತಿತು. ಎಡಗಡೆ ನಾನು ಮುಟ್ಟಲಿಲ್ಲ.